ಕಟ್ಟಿದ ಕತೆಗೆಷ್ಟು, ಕಂಡ ಕತೆಗೆಷ್ಟು

ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಇಂಥವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತಿದೆ, ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಹೊರಗೆ ನೌಕರಿಯಲ್ಲಿರುವ ಊರಿನವರೊಬ್ಬರು ತಾಯಿಯ ಹೆಸರಿನಲ್ಲಿ ಪುಸ್ತಕ ತರಿಸಲು ಇಪ್ಪತ್ತು ಸಾವಿರ ರೂಪಾಯಿ ಕಳಿಸಿದ್ದಾರೆ. ಷರತ್ತು ಒಂದೇ: ಈ ಶತಮಾನದಲ್ಲಿ ಬಂದ ಕನ್ನಡ ಪುಸ್ತಕಗಳೇ ಆಗಬೇಕು. ಪಟ್ಟಿ ಮಾಡಲು ಕೂತವರು ಇಬ್ಬರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಒಬ್ಬರು. ಅವರ ಹತ್ತಿರವೇ ಓದಿ, ಈಗ ಗ್ರಂಥಾಲಯದ ಮೇಲ್ವಿಚಾರಕಿಯಾಗಿರುವ ಹುಡುಗಿ ಇನ್ನೊಬ್ಬಳು. ಬೆಂಚಿನ ತುದಿಯಲ್ಲಿ ಕೂತಿದ್ದ ನನಗೆ ಮಾತಾಡುವ ಸರದಿ ಬರಲೇ ಇಲ್ಲ.

ಮೇಷ್ಟ್ರು: ಇಪ್ಪತ್ತು ಸಾವಿರಕ್ಕೆ ಎಷ್ಟು ಪುಸ್ತಕ ಬರ್ತವೆ, ಅದನ್ನ ಮೊದಲು ಹೇಳು.

ಮೇಲ್ವಿಚಾರಕಿ: ದಪ್ಪ ಕಾದಂಬರಿ ಅಂದ್ರೆ ನಾನೂರು, ಐನೂರು ಸಾರ್. ತೆಳ್ಳಗಿನವು ನೂರೈವತ್ತು, ಇನ್ನೂರು. ರಿಯಾಯಿತಿ ಕೇಳಿ ತಗೊಂಡ್ರೆ ಎಂಬತ್ತರ ಆಸುಪಾಸು.

ಮೇಷ್ಟ್ರು: ಹಂಗಾದ್ರೆ ಕತೆ, ಕಾದಂಬರಿ ಎಲ್ಲ ಸೇರಿ ಇಪ್ಪತ್ತು ಸಾಕು. ಉಳಿದದ್ದು ವಿಜ್ಞಾನ, ಚರಿತ್ರೆ, ಆತ್ಮಕತೆ, ಪ್ರವಾಸ ಕಥನ.

ಮೇಲ್ವಿಚಾರಕಿ: ನಾನು ಸರಿಯಾಗಿ ಉಲ್ಟಾ ಬರ್ಕೊಂಡು ಬಂದಿದೀನಿ.

ಮೇಷ್ಟ್ರು: ಗೊತ್ತಿತ್ತು. ಅಲ್ಲ ಕಣಮ್ಮ, ಈ ಬೀರು ತುಂಬ ಇರೋದೆಲ್ಲ ಕಾದಂಬರೀನೇ ಅಲ್ವಾ? ಅವನ್ನೇ ಯಾರೂ ಮುಟ್ತಿಲ್ಲ. ಇನ್ನೂ ತಂದು ಏನು ಉಪಯೋಗ?

ಮೇಲ್ವಿಚಾರಕಿ: ಮುಟ್ಟದೆ ಇರೋದಕ್ಕೆ ಕಾದಂಬರಿ ಅನ್ನೋದು ಕಾರಣ ಅಲ್ಲ ಸಾರ್. ಇದನ್ನ ನೋಡಿ, ಸಗಟು ಖರೀದೀಲಿ ಬಂದದ್ದು. ಹಿಂದಿನ ಚೀಟೀಲಿ ಒಂದೂ ತಾರೀಕಿನ ಸೀಲಿಲ್ಲ. ಒಳಗೆ ತೆಗೀರಿ. ಅಕ್ಷರ ನೋಡಿ, ಒಂದನೇ ಕ್ಲಾಸಿನ ಪುಸ್ತಕದ ಹಂಗಿದೆ. ಸಾಲು ಸಾಲಿನ ಮಧ್ಯೆ ಬೆರಳು ಇಡಬಹುದು. ಅಧ್ಯಾಯ ಮುಗಿದ ಮೇಲೆ ಒಂದು ಖಾಲಿ ಹಾಳೆ. ಪುಟಕ್ಕಿಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕೊಟ್ರೆ ಪುಸ್ತಕ ಹಿಂಗೆ ಊದ್ಕೊಳ್ಳುತ್ತೆ. ಪಕ್ಕದಲ್ಲಿರೋ ವ್ಯಕ್ತಿತ್ವ ವಿಕಸನದ ಪುಸ್ತಕಾನೂ ನೋಡಿ, ಅದೂ ಇದೇ ಜಾತಿ. ನಿಮ್ಮ ಕಡೆಯದ್ದೇ ಅಲ್ವಾ ಅದು?

ಮೇಷ್ಟ್ರು: ಅದನ್ನ ನನ್ನ ಲೆಕ್ಕಕ್ಕೆ ಸೇರಿಸಬೇಡ. ಈಗ ಕೇಂದ್ರ ಸಾಹಿತ್ಯ ಅಕಾಡೆಮಿ ಪಟ್ಟಿ ತೆಗಿ. 2016ರಲ್ಲಿ ಬೊಳುವಾರರ 'ಸ್ವಾತಂತ್ರ್ಯದ ಓಟ'ಕ್ಕೆ ಕೊಟ್ರು. ಅಲ್ಲಿಂದ ಮುಂದೆ 2024ರ ತನಕ ಕನ್ನಡದಲ್ಲಿ ಒಂದು ಕಾದಂಬರಿಗೆ, ಒಂದು ಕಥಾಸಂಕಲನಕ್ಕೆ ಬಂದಿದೆಯಾ? 2019ಕ್ಕೆ ವಿಜಯಾ ಅವರ ಆತ್ಮಕತೆ 'ಕುದಿ ಎಸರು'. 2021ಕ್ಕೆ ಡಿ. ಎಸ್. ನಾಗಭೂಷಣರ 'ಗಾಂಧಿ ಕಥನ'. 2023ಕ್ಕೆ ಲಕ್ಷ್ಮೀಶ ತೋಳ್ಪಾಡಿಯವರ ಪ್ರಬಂಧಗಳು. 2024ಕ್ಕೆ ಕೆ. ವಿ. ನಾರಾಯಣರ 'ನುಡಿಗಳ ಅಳಿವು'. ಈ ಕಾಲದ ಒಳ್ಳೇ ತಲೆಗಳೆಲ್ಲ ಕತೆ ಬಿಟ್ಟು ಈ ಕಡೆ ಬಂದಿದಾವೆ.

ಮೇಲ್ವಿಚಾರಕಿ: ಅದೇ ಪಟ್ಟೀನ ಇನ್ನೊಂದಿಷ್ಟು ಹಿಂದಕ್ಕೆ ಓದಿ ಸಾರ್. 2007 'ಅರಮನೆ', 2008 'ಹಳ್ಳ ಬಂತು ಹಳ್ಳ', 2009 ವೈದೇಹಿಯವರ 'ಕ್ರೌಂಚ ಪಕ್ಷಿಗಳು'. ಮೂರು ವರ್ಷ ಸಾಲಾಗಿ ಕತೆ, ಕಾದಂಬರಿ. ಆವಾಗ ನೀವು ಬಂದು ಕಾದಂಬರಿ ಜಾಸ್ತಿ ತರಿಸಿ ಅಂದ್ರಾ? ದೆಹಲಿಯವರು ಕತೆ ಕಡೆ ತಿರುಗಿ ನೋಡದೆ ಇದ್ದ ಹೊತ್ತಲ್ಲೇ, 2025ರಲ್ಲಿ, ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಸಣ್ಣ ಕತೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಬಂತು. ಆ ಬಹುಮಾನ ಒಂದು ಕಥಾಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು.

ಮೇಷ್ಟ್ರು: ಸಿಕ್ಕಿದ್ದು ಇಂಗ್ಲಿಷಿಗೆ ಹೋದ ಮೇಲೆ.

ಮೇಲ್ವಿಚಾರಕಿ: ಅದಕ್ಕೇ ದುಡ್ಡನ್ನ ಅನುವಾದ ಮಾಡಿದ ದೀಪಾ ಭಾಸ್ತಿಯವರಿಗೂ ಸಮಪಾಲು ಕೊಟ್ರು. ಕತೆ ಬರೆದದ್ದು ಮಾತ್ರ ಇಲ್ಲಿ, ಕನ್ನಡದಲ್ಲಿ, ಮೂವತ್ತು ವರ್ಷಗಳ ಉದ್ದಕ್ಕೂ.

(ಪ್ರಶಸ್ತಿ ಪಟ್ಟಿಯನ್ನು ಇಬ್ಬರೂ ತಮತಮಗೆ ಬೇಕಾದ ಕಡೆಯಿಂದ ಓದುತ್ತಿದ್ದರು. ಅದು ಹೇಳುವುದು ತೀರ್ಪುಗಾರರ ಒಲವನ್ನು, ಓದುಗರದ್ದನ್ನಲ್ಲ. ಮೇಷ್ಟ್ರು ಬಾಯಿಬಿಡದ ಇನ್ನೊಂದು ಸಂಗತಿಯೂ ಇದೆ: 2017, 2018 ಎರಡೂ ವರ್ಷದ ಪ್ರಶಸ್ತಿ ಹೋದದ್ದು ಸಾಹಿತ್ಯ ವಿಮರ್ಶೆಗೆ. ಈ ಎಂಬತ್ತು ಪುಸ್ತಕಗಳಲ್ಲಿ ಒಂದು ವಿಮರ್ಶೆಯ ಪುಸ್ತಕ ಸೇರಿಸೋಣ ಅಂತ ಅವರೂ ಹೇಳಲಿಲ್ಲ.)

ಮೇಷ್ಟ್ರು: ಸರಿ, ಪ್ರಶಸ್ತಿ ಮಾತು ಬಿಡೋಣ. ನಿನ್ನ ಪಟ್ಟೀಲಿ ಮೊದಲನೇದು ಏನು?

ಮೇಲ್ವಿಚಾರಕಿ: ವಿವೇಕ ಶಾನಭಾಗರ 'ಘಾಚರ್ ಘೋಚರ್'.

ಮೇಷ್ಟ್ರು: ಓದಿದೀನಿ. ಒಬ್ಬ ಕೆಲಸವಿಲ್ಲದೋನು ಬೆಂಗಳೂರಲ್ಲಿ ಕಾಫಿ ಹೌಸಲ್ಲಿ ಕೂತು ಮನೆ ಪುರಾಣ ಹೇಳ್ತಾನೆ. ಕೊನೆಗೆ ಏನಾಯ್ತು ಅಂತಾನೂ ಸರಿಯಾಗಿ ಹೇಳಲ್ಲ. ನಮ್ಮೂರಿಗೂ ಅದಕ್ಕೂ ಏನು ಸಂಬಂಧ?

ಮೇಲ್ವಿಚಾರಕಿ: ಶುಂಠಿ ಸಂಬಂಧ.

ಮೇಷ್ಟ್ರು: ಏನು?

ಮೇಲ್ವಿಚಾರಕಿ: ಶುಂಠಿಗೆ ರೇಟು ಬಂದ ವರ್ಷ ನಮ್ಮೂರಲ್ಲಿ ಎಷ್ಟು ಮನೆ ಮಾಳಿಗೆ ಎದ್ದವು, ಎಷ್ಟು ಮನೇಲಿ ಅಣ್ಣ ತಮ್ಮ ಮಾತು ಬಿಟ್ರು, ನಿಮಗೇ ಗೊತ್ತು. ಆ ಕತೇಲೂ ಅಷ್ಟೇ. ಚಿಕ್ಕಪ್ಪ ಕೇರಳದಿಂದ ಮಸಾಲೆ ಸಾಮಾನು ತರಿಸಿ, ಸಣ್ಣ ಸಣ್ಣ ಪ್ಯಾಕೆಟ್ಟು ಮಾಡಿ ಮಾರೋಕೆ ಶುರು ಮಾಡ್ತಾನೆ. ದುಡ್ಡು ಬರುತ್ತೆ. ಇರುವೆ ಮುತ್ತೋ ಪುಟ್ಟ ಮನೆ ಬಿಟ್ಟು ದೊಡ್ಡ ಮನೆಗೆ ಹೋಗ್ತಾರೆ. ಆಮೇಲೆ ಒಂದು ದಿನ ಚಿಕ್ಕಪ್ಪನ್ನ ಹುಡುಕ್ಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ. ಕೈಯಲ್ಲಿ ಮಸೂರ್ ಬೇಳೆ ಸಾರಿನ ಡಬ್ಬಿ. ಆ ಮನೆ ಹೆಂಗಸರು ಅವಳನ್ನ ಬೈದು ಅಟ್ಟೋದಿದೆಯಲ್ಲ, ಸಾರು ನೆಲದ ಮೇಲೆ ಚೆಲ್ಲೋದಿದೆಯಲ್ಲ, ಅದನ್ನ ಓದುವಾಗ ನನಗೆ ನಮ್ಮ ಕೇರೀದೇ ಒಂದು ಮನೆ ಬಾಗಿಲು ಕಂಡಂಗಾಯ್ತು. ಯಾರ ಮನೆ ಅಂತ ಕೇಳಬೇಡಿ.

ಮೇಷ್ಟ್ರು: ಕೇಳಲ್ಲ. ಅದು ನಿನಗೆ ಕಂಡಿತು, ಒಪ್ತೀನಿ. ಆ ಮನೆಯವರು ಬಂದು ಓದಿದ್ರೆ ಅವರಿಗೆ ಕಾಣ್ತದಾ? ಎಲ್ಲೋ ಬೆಂಗಳೂರಿನೋರ ಕತೆ ಅಂತ ಓದಿ ಮಡಚಿ ಇಡ್ತಾರೆ. ಕಟ್ಟಿದ ಕತೆಯಿಂದ ತಪ್ಪಿಸ್ಕೊಳ್ಳೋದು ಬಲು ಸುಲಭ. ನೀನು 'ಕುದಿ ಎಸರು' ಓದು. ಹೆಸರಾದ ಪತ್ರಕರ್ತೆ, ಬದುಕಿರೋ ಹೆಣ್ಣುಮಗಳು, ಗಂಡನ ಮನೇಲಿ ತಾನು ತಿಂದ ಏಟನ್ನ ತಾನೇ ಬರೆದಿದಾರೆ. ಅದನ್ನ ಕಟ್ಟುಕತೆ ಅನ್ನೋಕೆ ಯಾವ ಗಂಡಸಿಗೂ ಬಾಯಿ ಬರಲ್ಲ.

ಮೇಲ್ವಿಚಾರಕಿ: ಕಟ್ಟುಕತೆ ಅನ್ನಲ್ಲ, 'ಪಾಪ, ಅವರ ಕಷ್ಟ' ಅಂತಾರೆ. ಅದೂ ತಪ್ಪಿಸ್ಕೊಳ್ಳೋ ದಾರೀನೇ. ಆತ್ಮಕತೇಲಿ ಹೆಸರಿರುತ್ತೆ, ಊರಿರುತ್ತೆ, ಇಸವಿ ಇರುತ್ತೆ. ಆ ಕಷ್ಟಕ್ಕೆ ಒಬ್ಬ ಯಜಮಾನ ಸಿಕ್ಕಿಬಿಡ್ತಾನೆ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕತೇಲಿ, ಗಂಡ ಬಿಟ್ಟು ಹೋದೋಳು ತವರಿಗೆ ಹೋಗ್ತಾಳೆ. ಅಣ್ಣಂದಿರು ಅವತ್ತೇ ತಂದು ಗಂಡನ ಮನೇಲಿ ಬಿಡ್ತಾರೆ. ರಾತ್ರಿ ಸೀಮೆಎಣ್ಣೆ ಸುರ್ಕೊಂಡು ನಿಂತವಳನ್ನ ತಡೆಯೋದು ಮಗಳು. ಇದನ್ನ ಓದಿದ ಗಾರ್ಮೆಂಟ್ಸ್‌ಗೆ ಹೋಗೋ ಒಬ್ಬಾಕೆ ಪುಸ್ತಕ ವಾಪಸ್ ಕೊಡುವಾಗ 'ಇವಮ್ಮ ನಮ್ಮ ಪೈಕಿ ಅಲ್ವಾ?' ಅಂದಳು. ಅವಳು ಸಾಬರೋಳಲ್ಲ ಸಾರ್.

ಮೇಷ್ಟ್ರು: ಒಬ್ಬಾಕೆ ಅಂದಳು.

ಮೇಲ್ವಿಚಾರಕಿ: ಒಬ್ಬಾಕೇನೇ. ನೀವು 'ಗಾಂಧಿ ಕಥನ' ಎಷ್ಟು ಜನಕ್ಕೆ ಓದಿಸಿದ್ದೀರಿ?

ಮೇಷ್ಟ್ರು: ಬಾಯಿ ಜೋರಾಗಿದೆ ನಿಂಗೆ. ಇರಲಿ. ಹಂಗಾದ್ರೆ ಇನ್ನೊಂದು ಜೋಡಿ ತಗೊಳೋಣ. ನಿನ್ನ ಪಟ್ಟೀಲಿ ವಸುಧೇಂದ್ರರ 'ಮೋಹನಸ್ವಾಮಿ' ಇದೆ. ನನ್ನದರಲ್ಲಿ ಎ. ರೇವತಿಯವರ 'ಬದುಕು ಬಯಲು', ದು. ಸರಸ್ವತಿಯವರು ಕನ್ನಡಕ್ಕೆ ತಂದದ್ದು. ಎರಡೂ ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಆಡದ ವಿಚಾರ. ಪಂಚಾಯ್ತಿ ಲೈಬ್ರರೀಲಿ ಇಂಥದ್ದು ಒಂದು ಇದ್ರೆ ಸಾಕು ಅಂತಾದ್ರೆ ಯಾವುದು ಇಡ್ತೀಯ?

ಮೇಲ್ವಿಚಾರಕಿ: ಒಂದೇ ಯಾಕೆ? ಎರಡೂ ಒಂದೇ ವಿಚಾರ ಅಲ್ಲ ಸಾರ್. 'ಮೋಹನಸ್ವಾಮಿ' ಗಂಡಸನ್ನ ಪ್ರೀತಿಸೋ ಗಂಡಸಿನ ಕತೆಗಳು. ರೇವತಿಯವರದು ಗಂಡು ಅಂತ ಹುಟ್ಟಿ ಹೆಣ್ಣಾಗಿ ಬದುಕಿದವರ ಬದುಕು. ಎರಡನ್ನೂ ಸೇರಿಸಿ ಒಂದೇ ಖಾನೆಗೆ ಹಾಕೋದು ನಮ್ಮೂರಿನ ಅಭ್ಯಾಸ. ಅದನ್ನ ಬಿಡಿಸೋಕಾದ್ರೂ ಎರಡೂ ಬೇಕು.

ಮೇಷ್ಟ್ರು: ಒಪ್ಪಿದೆ. ಆದ್ರೂ ನನ್ನ ಪ್ರಶ್ನೆ ಅಲ್ಲೇ ಇದೆ. ಈ ಊರಲ್ಲಿ ಅಂಥ ಒಬ್ಬ ಹುಡುಗ ಇದಾನೆ ಅಂತ ಇಟ್ಕೋ. ಅವನಿಗೆ ಕತೆ ಬೇಕಾ, ಇಲ್ಲ ಇಂಥೋರು ನಿಜವಾಗಿ ಬದುಕಿ ತೋರಿಸಿದಾರೆ ಅನ್ನೋ ಧೈರ್ಯ ಬೇಕಾ?

ಮೇಲ್ವಿಚಾರಕಿ: ಆ ಹುಡುಗ ಯಾವ ಪುಸ್ತಕ ಕೈಯಲ್ಲಿ ಹಿಡ್ಕೊಂಡು ಹೊರಗೆ ಹೋಗಬಲ್ಲ ಅಂತ ಮೊದಲು ಯೋಚನೆ ಮಾಡಿ. ಆತ್ಮಕತೆ ಹಿಡ್ಕೊಂಡ್ರೆ ಯಾಕೆ ಓದ್ತೀಯ ಅಂತಾರೆ. ಕಥಾಸಂಕಲನ ಹಿಡ್ಕೊಂಡ್ರೆ ಕತೆ ಓದ್ತಿದಾನೆ ಬಿಡು ಅಂತಾರೆ. ತಪ್ಪಿಸ್ಕೊಳ್ಳೋಕೆ ದಾರಿ ಕೊಡುತ್ತೆ ಅಂತ ನೀವು ಬೈತಿದ್ರಲ್ಲ, ಕೆಲವರಿಗೆ ಒಳಗೆ ಬರೋಕೂ ಅದೇ ದಾರಿ. ಬರೆದೋರಿಗೂ ಅಷ್ಟೇ. ವಸುಧೇಂದ್ರ ತಮ್ಮ ವಿಚಾರ ಊರಿಗೆಲ್ಲ ಹೇಳಿದ್ದು 2013ರಲ್ಲಿ ಬಂದ ಆ ಕತೆ ಪುಸ್ತಕದ ಮೂಲಕಾನೇ.

ಮೇಷ್ಟ್ರು ಸ್ವಲ್ಪ ಹೊತ್ತು ಪಟ್ಟಿಯಲ್ಲಿ ಏನೋ ತಿದ್ದಿದರು. ತಮ್ಮ ಪಟ್ಟಿಯಲ್ಲೋ ಅವಳದ್ದರಲ್ಲೋ, ನನಗೆ ಕಾಣಲಿಲ್ಲ. ತಲೆಯೆತ್ತಿದಾಗ ಬೇರೆ ಕಡೆಯಿಂದ ಶುರು ಮಾಡಿದರು.

ಮೇಷ್ಟ್ರು: ನನಗೆ ಸಿಟ್ಟು ಬರೋದು ಕತೆ ಮೇಲಲ್ಲ ಕಣಮ್ಮ, ಕತೆ ಚರಿತ್ರೆ ಥರ ವೇಷ ಹಾಕೋದರ ಮೇಲೆ. ವಸುಧೇಂದ್ರರದೇ 'ತೇಜೋ-ತುಂಗಭದ್ರಾ' ಬರ್ಕೊಂಡಿದೀಯ. ಒಳ್ಳೇ ಕಾದಂಬರಿ, ರಾತ್ರಿ ನಿದ್ದೆಗೆಟ್ಟು ಓದಿದೀನಿ. ಲಿಸ್ಬನ್ ಇದೆ, ಗೋವಾ ಇದೆ, ವಿಜಯನಗರ ಇದೆ. ಈಗ ನಮ್ಮ ಹುಡುಗರು ಅದನ್ನ ಓದಿ ದೊರೆಗಾಗಿ ಪ್ರಾಣ ಕೊಡೋ ಲೆಂಕನಾಗೋದು ಅಂದ್ರೆ ಹಿಂಗೇ ಇತ್ತು, ಸಹಗಮನ ಹಿಂಗೇ ನಡೀತಿತ್ತು ಅಂತ ಪರೀಕ್ಷೇಲಿ ಬರೀತಾರೆ. ಕೆ. ಎನ್. ಗಣೇಶಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ದೊಡ್ಡ ವಿಜ್ಞಾನಿ. 'ಕರಿಸಿರಿಯಾನ'ದಲ್ಲಿ ವಿಜಯನಗರದ ಸಂಪತ್ತು ಎಲ್ಲಿಗೆ ಹೋಯ್ತು ಅಂತ ಬೆನ್ನು ಹತ್ತಿಸ್ತಾರೆ. ಅವರ ಕಾದಂಬರಿಗಳಲ್ಲಿ ಅಡಿಟಿಪ್ಪಣಿ ಇರ್ತದೆ, ಆಕರಗ್ರಂಥಗಳ ಹೆಸರಿರ್ತದೆ. ಇದು ಕತೇನೋ ಸಂಶೋಧನೇನೋ?

ಮೇಲ್ವಿಚಾರಕಿ: ಆ ಅಡಿಟಿಪ್ಪಣಿ ನೋಡ್ಕೊಂಡೇ ಒಬ್ಬ ಹುಡುಗ ಬಂದು, 'ಅಕ್ಕಾ, ವಿಜಯನಗರದ ಮೇಲೆ ನಿಜವಾದ ಚರಿತ್ರೆ ಪುಸ್ತಕ ಇದೆಯಾ?' ಅಂತ ಕೇಳಿದ. ಇರಲಿಲ್ಲ. ನಿಮ್ಮ ಕಡೆ ಪುಸ್ತಕಕ್ಕೆ ಗಿರಾಕಿ ಕಳಿಸಿದ್ದು ನನ್ನ ಕಡೆ ಪುಸ್ತಕ ಸಾರ್.

ಮೇಷ್ಟ್ರು: ಅದು ಸರಿ. ಅಡಿಟಿಪ್ಪಣಿ ಓದದೆ ಕತೆ ಮಾತ್ರ ಓದಿ ಹೋದೋರು ಎಷ್ಟು ಜನ?

ಮೇಲ್ವಿಚಾರಕಿ: ಬಹಳ ಜನ. ನೀವು ಹೇಳೋದ್ರಲ್ಲಿ ಅದು ನಿಜ. ನಾನೂ ಮೊದಲನೇ ಸಲ ಓದಿದಾಗ ಟಿಪ್ಪಣಿ ಹಾರಿಸ್ಕೊಂಡೇ ಓದಿದ್ದೆ. ಆದ್ರೆ ನಿಮ್ಮ ಕಡೆಯೋರೂ ಕತೆಗಾರರ ಸೊತ್ತು ಕದ್ದಿಲ್ವಾ? ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ನೀವೇ ನನ್ನ ಕೈಗೆ ಕೊಟ್ಟಿದ್ದು. ಸಸ್ಯಶಾಸ್ತ್ರದ ಪುಸ್ತಕ ಅಂತ ತೆಗೆದ್ರೆ ಬರೀ ನಗು, ಹರಟೆ, ಅವರೇ ಬರೆದ ಚಿತ್ರ.

ಮೇಷ್ಟ್ರು: ಅದು ಈ ಪಟ್ಟಿಗೆ ಬರೋಹಂಗಿಲ್ವಲ್ಲ, 1976ರದ್ದು. ಆ ದಾನಿಗೆ ಈ ಷರತ್ತು ಹಾಕು ಅಂತ ಯಾರು ಹೇಳಿಕೊಟ್ಟರೋ! ತೇಜಸ್ವಿಯವರ 'ಕರ್ವಾಲೋ'ನೂ ಇಲ್ಲ. ಹಾರೋ ಓತಿ ಹುಡುಕ್ಕೊಂಡು ಹೋದ ಆ ಕಾದಂಬರಿ ಒಂದು ಕ್ಲಾಸಿಗೆ ಕಲಿಸಿದಷ್ಟು ಜೀವವಿಕಾಸ ನಾನು ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದೂ ಕಲಿಸಲಿಲ್ಲ.

ಮೇಲ್ವಿಚಾರಕಿ: ಈಗ ನೀವೇ ನನ್ನ ವಾದ ಹೇಳ್ತಿದೀರಿ.

ಮೇಷ್ಟ್ರು: ಹೇಳ್ತಿಲ್ಲ. ತೇಜಸ್ವಿಗೆ ಓತಿಕ್ಯಾತನೂ ಗೊತ್ತಿತ್ತು, ಹಳ್ಳಿಯ ಮಂದಣ್ಣನೂ ಗೊತ್ತಿತ್ತು. ಈಗಿನ ಕತೆಗಾರರಿಗೆ ಮಂದಣ್ಣ ಒಬ್ಬನೇ ಗೊತ್ತು, ಕೆಲವರಿಗೆ ಅವನೂ ಗೊತ್ತಿಲ್ಲ.

ಮೇಲ್ವಿಚಾರಕಿ: ನೇಮಿಚಂದ್ರ? ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದೋರು. ನಾಜಿಗಳಿಂದ ತಪ್ಪಿಸ್ಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಮೇಲೆ 'ಯಾದ್ ವಶೇಮ್' ಬರೆದ್ರು. ಅವರದೇ 'ಪೆರುವಿನ ಪವಿತ್ರ ಕಣಿವೆಯಲ್ಲಿ' ನಿಮ್ಮ ಪಟ್ಟೀಲಿದೆ. ಒಬ್ಬರೇ ಲೇಖಕಿ ನಮ್ಮಿಬ್ಬರ ಪಟ್ಟೀಲೂ ಇದಾರೆ ನೋಡಿ.

ಮೇಷ್ಟ್ರು: ಅವರು ಎರಡಕ್ಕೂ ಇರಲಿ. ಈಗ ಜಗಳದ ಪುಸ್ತಕಕ್ಕೆ ಬಾ. ಭೈರಪ್ಪನವರ 'ಆವರಣ' ಬೇಕು ಅಂತ ಕೇಳೋರಿದಾರೆ. ನಮ್ಮ ಜಿಲ್ಲೆಯವರೇ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಬಂದ ವರ್ಷವೇ ಮುದ್ರಣದ ಮೇಲೆ ಮುದ್ರಣ ಆದ ಕಾದಂಬರಿ. ಅದಕ್ಕೂ ಆಕರಗ್ರಂಥಗಳ ಪಟ್ಟಿ ಇದೆ. ಇನ್ನೊಂದು ಕಡೆ ದೇವನೂರ ಮಹಾದೇವರ 'ಆರ್‌ಎಸ್‌ಎಸ್: ಆಳ ಮತ್ತು ಅಗಲ', 2022ರ ಕಿರುಹೊತ್ತಿಗೆ, ಹಲವು ಪ್ರಕಾಶಕರು ಒಟ್ಟಿಗೇ ಅಚ್ಚು ಹಾಕಿದ್ದು. ನಾನಾದ್ರೆ ಎರಡೂ ಬೇಡ ಅಂತೀನಿ. ಇದು ಪಂಚಾಯ್ತಿ ಕಟ್ಟಡ. ನಾಳೆ ಚುನಾವಣೆ ಬಂದ್ರೆ ನಿನ್ನ ತಲೆ ಮೇಲೆ ಬರ್ತದೆ.

ಮೇಲ್ವಿಚಾರಕಿ: ಎರಡೂ ಇಡೋಣ ಸಾರ್. ಒಂದೇ ಬೀರು, ಅಕ್ಕಪಕ್ಕ.

ಮೇಷ್ಟ್ರು: ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಒಬ್ಬನೇ ಎರಡೂ ಓದ್ತಾನಾ? ಅವನು ಅದನ್ನ ಓದ್ತಾನೆ, ಇವನು ಇದನ್ನ ಓದ್ತಾನೆ. ಇಬ್ಬರೂ ಬಂದು ಇನ್ನೊಂದನ್ನ ಯಾಕೆ ಇಟ್ಟೆ ಅಂತ ನಿನ್ನನ್ನ ಕೇಳ್ತಾರೆ.

ಮೇಲ್ವಿಚಾರಕಿ: ಕೇಳಲಿ. ಇನ್ನೊಂದರ ಹೆಸರಾದ್ರೂ ಕಣ್ಣಿಗೆ ಬಿತ್ತಲ್ಲ. ಮನೇಲಿ ಫೋನ್ ನೋಡುವಾಗ ಅಷ್ಟೂ ಬೀಳಲ್ಲ.

ಮೇಷ್ಟ್ರು: ಕೆಲಸ ಹೋದ್ರೆ ನನ್ನ ಹತ್ರ ಬರಬೇಡ.

ಮೇಲ್ವಿಚಾರಕಿ: ನಿಮ್ಮ ಹತ್ರಾನೇ ಬರ್ತೀನಿ. ಸಹಿ ನಿಮ್ಮದೂ ಇರುತ್ತಲ್ಲ ಪಟ್ಟೀಲಿ.

ಈ ಹೊತ್ತಿಗೆ ಓದುವ ಕೊಠಡಿಯಿಂದ ಒಬ್ಬ ಯುವಕ ಬಂದು ಪಿಡಿಒ ಪರೀಕ್ಷೆಯ ಹೊಸ ಗೈಡು ಬಂದಿದೆಯಾ ಅಂತ ಕೇಳಿ, ಇಲ್ಲ ಅನ್ನಿಸಿಕೊಂಡು ವಾಪಸ್ ಹೋದ. ನನಗೆ ಕಂಡ ಮಟ್ಟಿಗೆ ಇಡೀ ಚರ್ಚೆಯ ಕಷ್ಟದ ಗಂಟು ಅದೇ. ಇಬ್ಬರೂ ಅದನ್ನು ಅಷ್ಟು ಹೊತ್ತೂ ಬಗಲಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದರು.

ಮೇಲ್ವಿಚಾರಕಿ: ನೋಡಿದ್ರಾ? ದಿನಾ ಬಾಗಿಲು ತೆಗೆಯೋ ಹೊತ್ತಿಗೆ ಬಂದು ಕೂರೋರು ಇವರು. ಕುರ್ಚಿ ಸಾಲದೆ ಕಿಟಕಿ ಕಟ್ಟೆ ಮೇಲೂ ಕೂರ್ತಾರೆ. ಈ ಎಂಬತ್ತರಲ್ಲಿ ಅವರಿಗೆ ಅಂತ ಒಂದೂ ಇಲ್ಲ.

ಮೇಷ್ಟ್ರು: ಗೈಡಿಗೆ ಒಂದು ರೂಪಾಯಿ ಬೇಡ. ಮುಂದಿನ ವರ್ಷ 'ಪ್ರಚಲಿತ ವಿದ್ಯಮಾನ' ಹಳತಾಗಿ ತೂಕಕ್ಕೆ ಹೋಗ್ತದೆ. ಒಬ್ಬ ತಾಯಿ ಹೆಸರಲ್ಲಿ ಕೊಟ್ಟ ದುಡ್ಡು ಇದು.

ಮೇಲ್ವಿಚಾರಕಿ: ನೀವು ಪೆನ್ಶನ್ ತಗೊಳ್ಳೋರು, ಸಲೀಸಾಗಿ ಹೇಳ್ತೀರಿ. ಅವನ ಮನೇಲಿ ಇದು ಕೊನೇ ಸಲ ಅಂತ ಹೇಳಿದಾರೆ. ಅವನಿಗೆ ಉಪಯೋಗದ ಪುಸ್ತಕ ಅಂದ್ರೆ ಅದೊಂದೇ. ಉಪಯೋಗ ಅನ್ನೋ ಮಾತು ಮೊದಲು ಎತ್ತಿದ್ದೇ ನೀವು.

ಮೇಷ್ಟ್ರು: ನಾನು ಉಪಯೋಗ ಅಂದದ್ದು ಅದಲ್ಲ. ನಾಗೇಶ ಹೆಗಡೆಯವರ ಒಂದು ಲೇಖನ ಓದಿದ ರೈತ ಔಷಧಿ ಹೊಡೆಯೋ ಮುಂಚೆ ಒಂದು ಸಲ ಕೈ ಹಿಂದೆ ತೆಗೀತಾನೆ. ಅದು ಉಪಯೋಗ.

ಮೇಲ್ವಿಚಾರಕಿ: ರೈತರು ಯೂಟ್ಯೂಬ್ ನೋಡ್ತಾರೆ ಸಾರ್. ಕೊಳೆರೋಗಕ್ಕೆ ಏನು ಹೊಡೀಬೇಕು ಅಂತ ಯಾರೂ ಬಂದು ಪುಸ್ತಕ ಕೇಳಲ್ಲ ಈಗ.

ಮೇಷ್ಟ್ರು: ಏನು ಹೊಡೀಬೇಕು ಅಂತ ಯೂಟ್ಯೂಬ್ ಹೇಳ್ತದೆ. ಯಾಕೆ ಹೊಡೀತಿದೀಯ ಅಂತ ಕೇಳೋದು ಪುಸ್ತಕ. ಬರೀ ಮಾಹಿತಿ ಇರೋದನ್ನ ನಾನೂ ಬೇಡ ಅಂತಾನೇ ಹೇಳ್ತೀನಿ. ಅದರ ಕಾಲ ಮುಗೀತು.

ಮೇಲ್ವಿಚಾರಕಿ: ಹಂಗಾದ್ರೆ ನಿಮ್ಮ ಪಟ್ಟೀಲಿ ಮಾಹಿತಿ ಪುಸ್ತಕ ಇರೋದನ್ನೆಲ್ಲ ಹೊಡೆದು ಹಾಕ್ತೀನಿ. 'ಭಾರತದ ಮಹಾ ವಿಜ್ಞಾನಿಗಳು' ಥರದ್ದು ನಾಲ್ಕಿವೆ. ಆ ದುಡ್ಡಿಗೆ ಎರಡು ಗೈಡು ಬರುತ್ತೆ.

ಮೇಷ್ಟ್ರು: ವಿಜ್ಞಾನಿಗಳನ್ನ ಹೊಡಿ. ಗೈಡು ಬರೀಬೇಡ.

ಮೇಲ್ವಿಚಾರಕಿ: ಹಂಗಾದ್ರೆ ಪಂಚಾಯ್ತಿ ದುಡ್ಡಲ್ಲಿ ಕೇಳ್ತೀನಿ.

ಮೇಷ್ಟ್ರು: ಅದನ್ನ ಕೇಳು. ಬೇಕಾದ್ರೆ ನಾನೂ ಬಂದು ಅಧ್ಯಕ್ಷರ ಹತ್ರ ಮಾತಾಡ್ತೀನಿ. ಈಗ ಲೆಕ್ಕ ಹೇಳು, ಎಷ್ಟು ಉಳೀತು?

ಮೇಲ್ವಿಚಾರಕಿ: ಸಾವಿರದ ಹತ್ರ. ಕಾರ್ನಾಡರ 'ಆಡಾಡತ ಆಯುಷ್ಯ', ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ' ನೀವು ಹೇಳಿದ್ದು ಸೇರಿಸಿದೆ. ಜಯಂತ ಕಾಯ್ಕಿಣಿಯವರ 'ತೂಫಾನ್ ಮೇಲ್' ನಾನು ಹೇಳಿದ್ದೂ ಸೇರ್ತು. ಉಳಿದ ಸಾವಿರಕ್ಕೆ ಬಾನು ಮುಷ್ತಾಕ್ ಅವರ ಪುಸ್ತಕವೇ ಇನ್ನೂ ಎರಡು ಪ್ರತಿ ತರಿಸ್ತೀನಿ.

ಮೇಷ್ಟ್ರು: ಒಂದೇ ಪುಸ್ತಕ ಮೂರು ಪ್ರತಿಯಾ? ಐದು ಬೇರೆ ಬೇರೆ ಪುಸ್ತಕ ಬರ್ತವೆ ಆ ದುಡ್ಡಿಗೆ. ಲೈಬ್ರರಿ ಅಂದ್ರೆ ಬಗೆಬಗೆ ಇರಬೇಕು.

ಮೇಲ್ವಿಚಾರಕಿ: ಬಗೆಬಗೆ ಇದ್ದು ಒಬ್ಬೊಬ್ಬರು ಒಂದೊಂದು ಓದಿದ್ರೆ ಯಾರ ಹತ್ರ ಯಾರು ಮಾತಾಡೋದು? ನಾವಿಬ್ಬರೂ ಇಷ್ಟು ಹೊತ್ತು ಜಗಳ ಆಡಿದ್ದು ಇಬ್ಬರೂ ಓದಿದ ಪುಸ್ತಕಗಳ ಮೇಲೇ ಅಲ್ವಾ? ಗಾರ್ಮೆಂಟ್ಸ್ ಬಸ್ಸಲ್ಲಿ ಮೂರು ಜನ ಒಂದೇ ಕತೆ ಓದಿದ್ರೆ ಹೋಗ್ತಾ ಬರ್ತಾ ಅದರ ಮೇಲೆ ಮಾತಾಡ್ತಾರೆ.

ಮೇಷ್ಟ್ರು: ಹಂಗೆ ಮೂರು ಪ್ರತಿ ತರೋದಾದ್ರೆ 'ಕುದಿ ಎಸರು' ತರಿಸು. ಬಸ್ಸಲ್ಲಿ ಅದನ್ನೂ ಮಾತಾಡಬಹುದು.

ಮೇಲ್ವಿಚಾರಕಿ: ಅದು ದಪ್ಪ ಸಾರ್, ನಿಂತ್ಕೊಂಡು ಓದೋಕಾಗಲ್ಲ.

ಮೇಷ್ಟ್ರು: ಕೂತ್ಕೊಂಡು ಓದಲಿ. ನೀನು ಬರಿ, ಬರಿ.

ಮೇಲ್ವಿಚಾರಕಿ: ಸದ್ಯಕ್ಕೆ ಎರಡರ ಮುಂದೆಯೂ ಒಂದೊಂದು ಜಾಸ್ತಿ ಅಂತ ಹಾಕಿದೀನಿ. ಅಂಗಡಿಯವರು ಎಷ್ಟು ರಿಯಾಯಿತಿ ಕೊಡ್ತಾರೋ ನೋಡಿಕೊಂಡು ಮೂರನೇದು ಯಾವುದು ಅಂತ ಸೋಮವಾರ ಮತ್ತೆ ಕೂರೋಣ.